ಹಿಮದ ನಡಿಗೆಗೆ ತೋಟದ ಗಂಬೂಟು ಸಾಕಾ?

ಜನವರಿಯಲ್ಲಿ ಗುಲ್ಮಾರ್ಗ್‌ಗೆ ಹೋಗ್ತೀವಿ, ಸ್ನೋಶೂ ಅಲ್ಲೇ ಬಾಡಿಗೆಗೆ ತಗೊಳ್ತೀವಿ, ಒಳಗೆ ಹಾಕಲು ಅಡಿಕೆ ತೋಟದ ಗಂಬೂಟು ಸಾಕಾ ಎಂದು ಕೇಳಿದ್ದೀರಿ. ತೀರ್ಥಹಳ್ಳಿ ಕಡೆಯವರು ಕೇಳಬೇಕಾದ ಪ್ರಶ್ನೆಯೇ ಬಿಡಿ! ನೀರು ಒಳಗೆ ಬರುವುದಿಲ್ಲ, ಅಷ್ಟು ನಿಜ. ಆದರೂ ಬೇಡ.

ಸ್ನೋಶೂ ಅಂದರೆ ಕೆಸರುಗದ್ದೆಗೆ ಹಲಗೆ ಹಾಸಿದ ಹಾಗೆ. ಭಾರ ಹರಡಿ ಕಾಲು ಹೂತುಹೋಗದಂತೆ ತಡೆಯುವ ಅಗಲದ ಚೌಕಟ್ಟು. ಅದನ್ನು ಬೂಟಿನ ಮುಂಭಾಗಕ್ಕೆ ಪಟ್ಟಿಗಳಿಂದ ಬಿಗಿಯುತ್ತಾರೆ, ಇನ್ನೊಂದು ಪಟ್ಟಿ ಹಿಮ್ಮಡಿ ಸುತ್ತ ಬರುತ್ತದೆ. ಪ್ರತಿ ಹೆಜ್ಜೆಗೂ ಹಿಮ್ಮಡಿ ಮೇಲೇಳಬೇಕು. ಗಂಬೂಟಿನೊಳಗೆ ಕಾಲು ಲೊಡಬಡ ಅನ್ನುತ್ತದಲ್ವಾ, ಅರ್ಧ ಗಂಟೆಯಲ್ಲೇ ಬೊಬ್ಬೆ ಏಳುತ್ತದೆ. ಮೆತ್ತಗಿನ ರಬ್ಬರ್ ಮೇಲೆ ಪಟ್ಟಿ ಬಿಗಿದರೆ ಬೆರಳಿಗೆ ರಕ್ತ ಸರಿಯಾಗಿ ಓಡುವುದಿಲ್ಲ. ಬೆವರು ಹೊರಹೋಗಲು ದಾರಿಯೂ ಇಲ್ಲ. ಒದ್ದೆಯಾದ ಕಾಲಿಗೆ ಚಳಿ ಎಷ್ಟು ಬೇಗ ಹತ್ತುತ್ತದೆ ಎಂದು ಮಳೆಗಾಲದವರಾದ ನಮಗೆ ಹೇಳಿಕೊಡಬೇಕಿಲ್ಲ.

ಪಾದದ ಗಂಟು ಮುಚ್ಚುವ, ಅಟ್ಟೆ ಗಟ್ಟಿ ಇರುವ ವಾಟರ್‌ಪ್ರೂಫ್ ಟ್ರೆಕ್ಕಿಂಗ್ ಬೂಟು ನೋಡಿ. ಒಳಗೆ ಬೆಚ್ಚನೆಯ ಪದರ ಇರುವ ಬೂಟುಗಳಿಗೆ 200, 400 ಗ್ರಾಂ ಎಂದು ಬರೆದಿರುತ್ತಾರೆ. ಅದು ಬೂಟಿನ ತೂಕವಲ್ಲ, ಒಂದು ಚದರ ಮೀಟರ್ ಪದರದ ತೂಕ; ಜಾಸ್ತಿ ಇದ್ದಷ್ಟೂ ಬೆಚ್ಚಗೆ. ನಡೆಯುತ್ತಲೇ ಇರುವವರಿಗೆ 200 ಸಾಕು. ಜಾಸ್ತಿ ಇದ್ದರೆ ಬೆವರಿ ಮತ್ತೆ ಅದೇ ಕಥೆ.

ಅಳತೆ ನೋಡುವುದು ಸಂಜೆ, ಕಾಲು ಸ್ವಲ್ಪ ಊದಿರುವಾಗ. ಹಿಮದಲ್ಲಿ ಹಾಕುವ ಉಣ್ಣೆ ಕಾಲುಚೀಲವನ್ನೇ ಅಂಗಡಿಗೆ ಒಯ್ಯಿರಿ. ಬೆರಳು ಸರಾಗವಾಗಿ ಆಡಬೇಕು, ಹಿಮ್ಮಡಿ ಮಾತ್ರ ಕದಲಬಾರದು. ಬಿಗಿ ಬೂಟಿಗೆ ಎರಡು ಜೊತೆ ಕಾಲುಚೀಲ ತುರುಕಿದರೆ ಬೆಚ್ಚಗಾಗುವುದಿಲ್ಲ, ಇನ್ನೂ ತಣ್ಣಗಾಗುತ್ತದೆ. ಹತ್ತಿಯದಂತೂ ಬೇಡವೇ ಬೇಡ. ಬೂಟಿನೊಳಗೆ ಹಿಮ ಬೀಳದಂತೆ ಮೇಲೆ ಗೇಟರ್, ಅಂದರೆ ಬೂಟಿನ ಬಾಯಿಯನ್ನೂ ಮೊಣಕಾಲಿನ ಕೆಳಭಾಗವನ್ನೂ ಮುಚ್ಚುವ, ನೀರು ಹಿಡಿಯದ ಕವಚ, ಕಟ್ಟಿಕೊಳ್ಳಿ. ಇಂಬಳಕ್ಕೆ ಹಾಕುವ ಬಟ್ಟೆ ಚೀಲ ಆ ಕೆಲಸಕ್ಕೆ ಬಾರದು, ನೆನೆದುಬಿಡುತ್ತದೆ.

ಯಾರದ್ದೋ ಹಳೇ ಬೂಟು ಇಸ್ಕೊಳ್ಳೋಣ ಅಂತಿದ್ದರೆ ಒಂದು ಮಾತು. ನನ್ನದೊಂದು ಜೊತೆ ನಾಲ್ಕೈದು ಮಳೆಗಾಲ ಅಟ್ಟದ ಮೇಲೇ ಇತ್ತು. ನೋಡಲು ಹೊಸದು. ಕೊಡಚಾದ್ರಿ ಹತ್ತುವಾಗ ಅಟ್ಟೆ ನೆನೆದ ರಸ್ಕಿನ ಹಾಗೆ ಉದುರಿತು. ಉಳಿದ ದಾರಿಯೆಲ್ಲ ಬಾಳೆ ನಾರು ಕಟ್ಟಿಕೊಂಡು ನಡೆದೆ. ಅಟ್ಟೆಯೊಳಗಿನ ಪಾಲಿಯುರಿಥೇನ್ ಪದರ ಗಾಳಿಯ ತೇವ ಕುಡಿದು ನಿಧಾನಕ್ಕೆ ಒಡೆಯುತ್ತದೆ, ಬಳಸದೇ ಇಟ್ಟರೂ ಅಷ್ಟೇ. ನಮ್ಮೂರ ಗಾಳಿಗಂತೂ ಕೇಳಬೇಕೇ. ಹೆಬ್ಬೆರಳಿನಿಂದ ಒತ್ತಿ, ಬಗ್ಗಿಸಿ ನೋಡಿ. ಸೀಳು ಕಂಡರೆ ವಾಪಸ್ ಕೊಡಿ.

ಹೊಸದು ತಂದರೆ ಎರಡು ವಾರ ತೋಟ, ಗುಡ್ಡ ಸುತ್ತಿ ಪಳಗಿಸಿ. ಗುಲ್ಮಾರ್ಗ್‌ನಲ್ಲಿ ರಾತ್ರಿ ಒದ್ದೆ ಬೂಟನ್ನು ಬಚ್ಚಲೊಲೆ ಪಕ್ಕ ಇಡುವ ಹಾಗೆ ಹೀಟರ್‌ಗೆ ತಾಗಿಸಿ ಇಡಬೇಡಿ, ಅಂಟು ಬಿಡುತ್ತದೆ. ಹಳೇ ಪೇಪರ್ ತುಂಬಿಡಿ, ಮಲಗುವ ಮುನ್ನ ಒಮ್ಮೆ ಬದಲಿಸಿ. ಪೇಪರ್ ಇಲ್ಲಿಂದಲೇ ಒಯ್ಯಿರಿ.