ಅಪ್ಪನ ತಲೆಬುರುಡೆಗೆ ಅಕ್ರಿಲಿಕ್ ಪ್ಲೇಟ್ ಹಾಕ್ತಾರಂತೆ. ಸಾಲ ಮಾಡಿಯಾದರೂ ಟೈಟಾನಿಯಂ ಹಾಕಿಸೋದು ಒಳ್ಳೆಯದಾ?

ತಲೆಗೆ ಪ್ಲಾಸ್ಟಿಕ್ಕಾ ಅಂತ ನಮ್ಮನೆಯಲ್ಲೂ ಎಲ್ಲರೂ ಗಾಬರಿಯಾಗಿದ್ದರು. ಬೈಕಿನಿಂದ ಬಿದ್ದು ನಮ್ಮ ಭಾವನ ಮಿದುಳು ಊದಿಕೊಂಡಿತ್ತು. ಜೀವ ಉಳಿಸೋಕೆ ಎಡಗಡೆಯ ಮೂಳೆ ತೆಗೆದರು. ಅದು ಚೂರುಚೂರಾಗಿತ್ತು, ವಾಪಸ್ ಕೂರಿಸುವ ಹಾಗಿರಲಿಲ್ಲ. ಊತ ಇಳಿದ ಮೇಲೆ ಆ ಜಾಗ ತಗ್ಗಾಯಿತು. ಭಾವ ಕೆಮ್ಮಿದರೆ ಚರ್ಮ ಎದ್ದು ಇಳಿಯುವುದು ಕಾಣುತ್ತಿತ್ತು.

ಅಲ್ಲಿಗೆ ಹಾಕಿದ್ದು ಬೋನ್ ಸಿಮೆಂಟ್. ಹೆಸರಿಗೆ ಸಿಮೆಂಟ್, ಅಸಲಿಗೆ ಪಿಎಂಎಂಎ ಅನ್ನುವ ಅಕ್ರಿಲಿಕ್. ಹಲ್ಲಿನ ಸೆಟ್ಟಿನ ಗುಲಾಬಿ ಭಾಗವೂ ಇದೇ ಜಾತಿ. ಪುಡಿಗೆ ಘಾಟು ವಾಸನೆಯ ದ್ರವ ಹಾಕಿ ಕಲಸಿದರೆ ಚಪಾತಿ ಹಿಟ್ಟಿನ ಹದಕ್ಕೆ ಬರುತ್ತದೆ, ಆಮೇಲೆ ಬಿಸಿಯೇರಿ ಕಲ್ಲಾಗುತ್ತದೆ. ಬಿಸಿ ಮಿದುಳಿಗೆ ತಾಗದಿರಲಿ ಅಂತ ತಣ್ಣನೆ ಸಲೈನ್ ಸುರಿಯುತ್ತಾರೆ, ಇಲ್ಲವೇ ಅಚ್ಚಿನಲ್ಲಿ ಮೊದಲೇ ಮಾಡಿಟ್ಟಿರುತ್ತಾರೆ. 1949ರಲ್ಲೇ ಲಂಡನ್ನಿನ ಕಣ್ಣಿನ ಡಾಕ್ಟರ್ ಹೆರಾಲ್ಡ್ ರಿಡ್ಲಿ ರೋಗಿಯ ಕಣ್ಣೊಳಗೆ ಅಕ್ರಿಲಿಕ್ ಲೆನ್ಸ್ ಕೂರಿಸಿದ್ದರು. ಯುದ್ಧವಿಮಾನದ ಗಾಜಿನಂಥ ಅಕ್ರಿಲಿಕ್ ಚೂರುಗಳು ಪೈಲಟ್‌ಗಳ ಕಣ್ಣಲ್ಲಿ ತಂಟೆಯಿಲ್ಲದೆ ಉಳಿದದ್ದನ್ನು ಅವರು ನೋಡಿದ್ದರು. ಹಾಗಾಗಿ ಪ್ಲಾಸ್ಟಿಕ್ ಅಂತ ಹೆದರಬೇಡಿ.

ನಮ್ಮನ್ನು ಮುಳುಗಿಸಿದ್ದು ನನ್ನ ಜಾಣತನ. ಹೊಲಿಗೆ ಬಿಚ್ಚಿ ಸ್ವಲ್ಪ ದಿನಕ್ಕೆ ಕಿವಿಯ ಮೇಲೆ ಒಂದು ಗುಳ್ಳೆ ಎದ್ದಿತು. ಒತ್ತಿದರೆ ಒಂದು ಹನಿ ನೀರು. ಅಷ್ಟಕ್ಕೆ ಡಾಕ್ಟರ್ ಹತ್ತಿರ ಯಾಕೆ ಅಂತ ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ಅದೇ ಆಂಟಿಬಯೋಟಿಕ್ ತಂದೆ. ಗುಳ್ಳೆ ಒಣಗಿತು. ಮತ್ತೆ ಬಂತು. ಮತ್ತೆ ಅದೇ ಮಾತ್ರೆ. ಅಕ್ಕ ಹೋಗೋಣ ಅಂದರೂ ನಾನು ಸುಮ್ನೆ ಖರ್ಚು ಅಂದೆ. ನೋಡಿ, ಮಾತ್ರೆ ಓಡಾಡುವುದು ರಕ್ತದಲ್ಲಿ. ಪ್ಲೇಟಿನೊಳಗೆ ರಕ್ತನಾಳವೇ ಇಲ್ಲ. ಕ್ರಿಮಿಗಳು ಅದರ ಮೇಲೆ ಲೋಳೆ ಪದರ ಕಟ್ಟಿಕೊಂಡು ಕೂತವು, ಔಷಧಿ ಅವನ್ನು ಸರಿಯಾಗಿ ಮುಟ್ಟಲೇ ಇಲ್ಲ. ಮೇಲೆ ಚರ್ಮ ಒಣಗಿದ್ದನ್ನು ನಾನು ವಾಸಿಯಾಯಿತು ಅಂದುಕೊಂಡೆ. ಸಾಲದ್ದಕ್ಕೆ, ಅರೆಬರೆ ಮಾತ್ರೆ ನುಂಗಿಸಿದ್ದರಿಂದ ಕೀವು ಪರೀಕ್ಷೆಗೆ ಕಳಿಸಿದಾಗ ಯಾವ ಕ್ರಿಮಿ ಅಂತಲೂ ತಿಳಿಯಲಿಲ್ಲ. ಕೊನೆಗೆ ಪ್ಲೇಟ್ ತೆಗೆಸಿ, ತಿಂಗಳುಗಟ್ಟಲೆ ಕಾದು, ಮತ್ತೆ ಆಪರೇಷನ್ ಮಾಡಿಸಬೇಕಾಯಿತು.

ಟೈಟಾನಿಯಂ ಆಗಿದ್ದರೂ ಇದೇ ಗತಿ. ಅದಕ್ಕೇ ನಿಮ್ಮ ಪ್ರಶ್ನೆಯೇ ತಪ್ಪು ಅಂತೀನಿ. ಜೋರು ಪೆಟ್ಟು ಬಿದ್ದರೆ ಅಕ್ರಿಲಿಕ್ ಒಡೆಯಬಹುದು, ನಿಜ. ಟೈಟಾನಿಯಂ ಗಟ್ಟಿ, ಆದರೆ ಸ್ಕ್ಯಾನಿನಲ್ಲಿ ನೆರಳು ಬೀಳಿಸುತ್ತದೆ. ಬೆಳೆಯುವ ಮಗುವಾಗಿದ್ದರೆ ಲೆಕ್ಕ ಬೇರೆ. ನಿಮ್ಮಪ್ಪನಿಗೆ ಸಾಲ ಮಾಡಬೇಡಿ. ಅವರಿಗೆ ಶುಗರ್ ಇದೆಯಾ, ಆ ಜಾಗದ ಚರ್ಮ ತೆಳುವಾಗಿದೆಯಾ, ಹಿಂದೆ ಅಲ್ಲಿ ಕೀವಾಗಿತ್ತಾ, ಇದನ್ನು ಸರ್ಜನ್ ಹತ್ತಿರ ಬಿಡಿಸಿ ಕೇಳಿ. ಉಳಿದ ದುಡ್ಡು ಆಮೇಲಿನ ಚೆಕಪ್‌ಗೆ ಇಟ್ಟುಕೊಳ್ಳಿ. ನಾವು ಎರಡನೇ ಸಲವೂ ಅಕ್ರಿಲಿಕ್ಕನ್ನೇ ಹಾಕಿಸಿದೆವು.