ಹೆಣ್ಣು ಮಗುವಿಗೆ ‘ಕಿರಣ’ ಎಂದು ಹೆಸರಿಡಬಹುದೇ?

ಎರಡು ತಿಂಗಳ ಮಗಳಿಗೆ ‘ಕಿರಣ್’ ಎಂದು ಹೆಸರಿಡಬೇಕೆಂಬ ಆಸೆ ನಿಮಗೂ ನಿಮ್ಮ ಯಜಮಾನರಿಗೂ ಇದೆ. ಅದು ಗಂಡಿನ ಹೆಸರು, ಮುಂದೆ ಮಗುವಿಗೆ ಹೋದಲ್ಲೆಲ್ಲ ತೊಂದರೆಯಾಗುತ್ತದೆ ಎಂದು ನಿಮ್ಮ ಅತ್ತೆಯವರು ಒಪ್ಪುತ್ತಿಲ್ಲ. ಏನು ಮಾಡಲಿ ಎಂದು ಕೇಳಿದ್ದೀರಿ. ನಾನು ದಾವಣಗೆರೆ ಕಡೆಯವಳು, ವಯಸ್ಸು 46, ಹೆಸರು ಕಿರಣ. ಹೀಗಾಗಿ ನಿಮ್ಮ ಪ್ರಶ್ನೆಯನ್ನು ಓದಿಯೂ ಸುಮ್ಮನೆ ಮುಂದೆ ಹೋಗಲು ನನ್ನಿಂದಾಗಲಿಲ್ಲ. ಧಾರಾಳವಾಗಿ ಇಡಬಹುದು ಎಂಬುದು ನನ್ನ ಉತ್ತರ. ಆದರೆ ನಿಮ್ಮ ಅತ್ತೆಯವರ ಮಾತಿನಲ್ಲಿ ಅರ್ಧ ನಿಜವಿದೆ, ಆ ಅರ್ಧವನ್ನು ತಳ್ಳಿಹಾಕಬೇಡಿ.

ಮೊದಲು ಅವರ ಮಾತಿನ ಸುಳ್ಳಾದ ಅರ್ಧವನ್ನು ನೋಡೋಣ. ನನ್ನ ಅಜ್ಜಿಯ ಹೆಸರು ಹನುಮವ್ವ. ಆಜನ್ಮ ಬ್ರಹ್ಮಚಾರಿಯಾದ ದೇವರ ಹೆಸರನ್ನು ಇಟ್ಟುಕೊಂಡು ಆಕೆ ಏಳು ಮಕ್ಕಳನ್ನು ಹೆತ್ತಳು. ಅದು ಗಂಡಿನ ಹೆಸರಲ್ಲವೇ ಎಂದು ಊರಿನಲ್ಲಿ ಒಬ್ಬರೂ ಕೇಳಿದ್ದಿಲ್ಲ. ನಮ್ಮ ಹಳ್ಳಿಗಳಲ್ಲಿ ಹರಕೆ ಹೊತ್ತ ದೇವರ ಹೆಸರನ್ನು ಮಗುವಿಗೆ ಇಡುತ್ತಿದ್ದರೇ ಹೊರತು ಆ ದೇವರು ಗಂಡೋ ಹೆಣ್ಣೋ ಎಂದು ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ರಂಗನ ಹೆಸರಿನಲ್ಲಿ ರಂಗಪ್ಪನೂ ಇದ್ದ, ರಂಗಮ್ಮನೂ ಇದ್ದಳು. ಬಸವನಿಂದ ಬಸಪ್ಪ, ಬಸಮ್ಮ. ತಿಮ್ಮಪ್ಪನಿಗೆ ತಿಮ್ಮಕ್ಕ, ನಿಂಗಪ್ಪನಿಗೆ ನಿಂಗವ್ವ, ಓಬಣ್ಣನಿಗೆ ಓಬವ್ವ. ತಿರುಗಿ ನೋಡಿದರೂ ಅಷ್ಟೇ: ಎಲ್ಲಮ್ಮನ ಭಕ್ತರ ಮನೆಯಲ್ಲಿ ಹುಟ್ಟಿದ ಗಂಡು ಎಲ್ಲಪ್ಪ, ದುರ್ಗಮ್ಮನ ಹೆಸರಿನವನು ದುರ್ಗಪ್ಪ, ಹುಲಿಗೆಮ್ಮನ ಹೆಸರಿನವನು ಹುಲಿಗೆಪ್ಪ. ಹೆಣ್ಣೋ ಗಂಡೋ ಎಂಬುದನ್ನು ಹೇಳುತ್ತಿದ್ದುದು ಹೆಸರಿನ ಬಾಲ, ಹೆಸರಲ್ಲ. ನನ್ನ ತಂದೆ ‘ಕಿರಣ’ ಎಂದು ಹೆಸರಿಟ್ಟ ದಿನವೇ ಅಜ್ಜಿ ಯಾವ ತಕರಾರೂ ಇಲ್ಲದೆ ನನ್ನನ್ನು ‘ಕಿರಣವ್ವ’ ಎಂದು ಕರೆಯಲು ಶುರುಮಾಡಿದಳಂತೆ. ಸಮಸ್ಯೆ ಎಂಬುದು ಹುಟ್ಟಿದ್ದು ನಾವು ಪೇಟೆಗೆ ಬಂದು, ಅಪ್ಪ, ಅಮ್ಮ, ಅವ್ವಗಳನ್ನು ಹಳೆಯ ಕಾಲದ್ದೆಂದು ಕತ್ತರಿಸಿ, ಅರ್ಜಿಯ ಚೌಕಗಳಲ್ಲಿ ಬರಿಯ ಮುಂಡವನ್ನು ತುಂಬತೊಡಗಿದಾಗ.

ಭಾಷೆಯ ದೃಷ್ಟಿಯಿಂದಲೂ ನಿಮ್ಮ ಪಕ್ಷವೇ ಗಟ್ಟಿ. ಕಿರಣ ಎಂಬುದು ಸಂಸ್ಕೃತದಲ್ಲಿ ಪುಲ್ಲಿಂಗ ಶಬ್ದವೇನೋ ಹೌದು. ಆದರೆ ಹೆಂಡತಿ ಎಂಬ ಅರ್ಥದ ‘ದಾರ’ ಶಬ್ದ ಪುಲ್ಲಿಂಗವೂ ಅದೇ ಅರ್ಥದ ‘ಕಲತ್ರ’ ನಪುಂಸಕಲಿಂಗವೂ ಆಗಿರುವ ಭಾಷೆ ಅದು. ಕನ್ನಡದಲ್ಲಿ ಲಿಂಗ ಶಬ್ದವನ್ನು ನೋಡಿ ಬರುವುದಿಲ್ಲ, ಅರ್ಥವನ್ನು ನೋಡಿ ಬರುತ್ತದೆ. ಬೆಳಗ್ಗೆ ಕಿಟಕಿಯಿಂದ ಸೂರ್ಯನ ಕಿರಣ ‘ಬಿದ್ದಿತು’ ಎನ್ನುತ್ತೇವೆ, ‘ಬಿದ್ದನು’ ಎನ್ನುವುದಿಲ್ಲ. ಅದೇ ಹೆಸರು ಹುಡುಗನದಾದರೆ ಬಂದನು, ಹುಡುಗಿಯದಾದರೆ ಬಂದಳು. ಎರಡನೆಯ ವಾಕ್ಯ ಮುಗಿಯುವುದರೊಳಗೆ ಕೇಳುಗರಿಗೆ ವಿಷಯ ತಿಳಿದಿರುತ್ತದೆ. (ಬಹುವಚನದ ಮರ್ಯಾದೆ ಕೊಟ್ಟು ‘ಕಿರಣ ಅವರು ಬಂದರು’ ಎಂದಾಗ ಮಾತ್ರ ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ, ನನಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಈ ಜಾಣತನವನ್ನೇ ಮಾಡುತ್ತವೆ.)

ಶಾಸ್ತ್ರ ಒಪ್ಪುವುದಿಲ್ಲ ಎಂಬ ಮಾತೂ ಬರಬಹುದು. ಗಂಡಿನ ಹೆಸರಿನಲ್ಲಿ ಸಮಸಂಖ್ಯೆಯ ಅಕ್ಷರಗಳೂ ಹೆಣ್ಣಿನ ಹೆಸರಿನಲ್ಲಿ ಬೆಸಸಂಖ್ಯೆಯ ಅಕ್ಷರಗಳೂ ಇರಬೇಕೆಂದು ಆಶ್ವಲಾಯನ ಗೃಹ್ಯಸೂತ್ರ ಹೇಳುತ್ತದೆ. ಬೆರಳು ಮಡಚಿ ಎಣಿಸಿ: ಕಿ, ರ, ಣ. ಮೂರು. ಆ ಲೆಕ್ಕದಲ್ಲಿ ಕಿರಣ ಎಂಬುದು ಹುಡುಗನಿಗಿಂತ ಹುಡುಗಿಗೇ ಹೆಚ್ಚು ಹೊಂದುತ್ತದೆ. ಹೆಣ್ಣಿನ ಹೆಸರು ದೀರ್ಘಸ್ವರದಲ್ಲಿ ಕೊನೆಗೊಳ್ಳಬೇಕೆಂದು ಮನುಸ್ಮೃತಿಯಲ್ಲಿದೆ. ಅದನ್ನೇ ಹಿಡಿದು ಕೂತರೆ ‘ಕಿರಣಾ’ ಎಂದು ಎಳೆದು ಬರೆದರಾಯಿತು. ‘ಕಿರಣ್’ ಎಂದು ಕೊನೆಯ ಸ್ವರವನ್ನು ನುಂಗುವುದು ಮಾತ್ರ ನನಗೆ ಹಿಡಿಸದ ಸಂಗತಿ. ಅದು ಕನ್ನಡದ ಉಚ್ಚಾರಣೆಯಲ್ಲ. ಮೇಲಾಗಿ, ಕಿವಿಗೆ ಗಂಡಿನ ಹೆಸರೆನಿಸುವುದೂ ಆ ಮೊಟಕಾದ ರೂಪವೇ.

ಇನ್ನು ಅತ್ತೆಯವರ ಮಾತಿನ ನಿಜವಾದ ಅರ್ಧ. ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ಮೊದಲು ಗಂಡುಮಕ್ಕಳ ಹೆಸರು, ಆಮೇಲೆ ಹೆಣ್ಣುಮಕ್ಕಳ ಹೆಸರು ಇರುತ್ತಿತ್ತು. ಪ್ರತಿವರ್ಷ ಜೂನ್ ತಿಂಗಳಲ್ಲಿ ಹೊಸದಾಗಿ ಬಂದ ಮೇಷ್ಟ್ರು ನನ್ನನ್ನು ಹುಡುಗರ ಸಾಲಿಗೆ ಸೇರಿಸುತ್ತಿದ್ದರು. ನಾನು ‘ಹಾಜರ್ ಸಾರ್’ ಎಂದು ಎದ್ದು ನಿಂತೊಡನೆ ತರಗತಿಯೆಲ್ಲ ನಗುತ್ತಿತ್ತು. ಅದಾದರೂ ಎರಡು ದಿನದ ಮಾತು. ಎಸ್ಸೆಸ್ಸೆಲ್ಸಿಯಲ್ಲಿ ಮಾತ್ರ ಶಾಲೆಯಿಂದ ಹೋದ ಪಟ್ಟಿಯಲ್ಲೇ ನನ್ನನ್ನು ‘ಗಂಡು’ ಎಂದು ಬರೆದಿದ್ದರು. ಪ್ರವೇಶಪತ್ರ ಕೈಗೆ ಬಂದಾಗ ಪರೀಕ್ಷೆಗೆ ಇನ್ನು ಒಂಬತ್ತು ದಿನ ಉಳಿದಿತ್ತು. ನಾನು ಗಣಿತ ಮಾಡಬೇಕಾದ ಹೊತ್ತಿನಲ್ಲಿ ತಂದೆಯ ಸೈಕಲ್ಲಿನ ಹಿಂದೆ ಕುಳಿತು ಕಚೇರಿಗೆ ಅಲೆದೆ. ಮದುವೆಯ ಹೊತ್ತಿಗೆ ಲಗ್ನಪತ್ರಿಕೆಯ ಕರಡು ಬಂದಾಗ ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು: ಪ್ರೆಸ್ಸಿನ ಹುಡುಗ ವರನಿಗೂ ‘ಚಿ|| ರಾ||’, ನನಗೂ ‘ಚಿ|| ರಾ||’ ಹಾಕಿದ್ದ. ನನ್ನ ಹೆಸರಿನ ಹಿಂದಿನ ‘ರಾ’ ಹೊಡೆದು ತಂದೆ ಕೆಂಪು ಶಾಯಿಯಲ್ಲಿ ‘ಕುಂ|| ಸೌ||’ ಎಂದು ಬರೆದರು. ಆ ಹಾಳೆ ಈಗಲೂ ನನ್ನ ಬೀರುವಿನಲ್ಲಿದೆ.

ಈ ಗೊಂದಲವೂ ಒಂದು ಪ್ರಾಂತ್ಯದ್ದು. ಉತ್ತರ ಭಾರತದಲ್ಲಿ ಕಿರಣ್ ಎಂದರೆ ಹೆಣ್ಣೆಂದೇ ಬಹಳ ಮಂದಿ ಭಾವಿಸುತ್ತಾರೆ. 1972ರಲ್ಲಿ ದೇಶದ ಮೊದಲ ಮಹಿಳಾ ಐಪಿಎಸ್ ಅಧಿಕಾರಿಯಾದವರು ಕಿರಣ್ ಬೇಡಿ. ನಮ್ಮ ಬೆಂಗಳೂರಿನಲ್ಲೇ 1978ರಲ್ಲಿ ಬಯೋಕಾನ್ ಕಂಪನಿಯನ್ನು ಕಟ್ಟಿದವರು ಕಿರಣ್ ಮಜುಂದಾರ್. ಸಿಖ್ಖರಲ್ಲಂತೂ ಒಂದೇ ಹೆಸರು ಅಣ್ಣನಿಗೂ ತಂಗಿಗೂ ಸಲ್ಲುತ್ತದೆ. ಸಿಂಗ್ ಮತ್ತು ಕೌರ್ ಎಂಬ ಬಾಲಗಳು ಅಲ್ಲಿ ನಮ್ಮ ಅಪ್ಪ, ಅವ್ವಗಳ ಕೆಲಸ ಮಾಡುತ್ತವೆ. ಇದೇ ಹೆಸರು ಜರ್ಮನಿಯ ಸಂವಿಧಾನ ನ್ಯಾಯಾಲಯದವರೆಗೂ ಹೋಗಿತ್ತೆಂದರೆ ನಿಮಗೆ ಆಶ್ಚರ್ಯವಾಗಬಹುದು. ಅಲ್ಲಿನ ಭಾರತೀಯ ಮೂಲದ ಕುಟುಂಬವೊಂದು ಮಗಳಿಗೆ ಕಿರಣ್ ಎಂದು ಹೆಸರಿಟ್ಟಾಗ, ಹೆಣ್ಣೆಂದು ಸ್ಪಷ್ಟವಾಗಿ ತಿಳಿಯುವ ಇನ್ನೊಂದು ಹೆಸರನ್ನು ಜೊತೆಗೆ ಸೇರಿಸಲೇಬೇಕೆಂದು ನೋಂದಣಾಧಿಕಾರಿಗಳು ಪಟ್ಟುಹಿಡಿದಿದ್ದರು. ಹೆಸರಿನಿಂದಲೇ ಲಿಂಗ ತಿಳಿಯಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ, ಮಗುವಿನ ಹಿತಕ್ಕೆ ಧಕ್ಕೆ ಬರದಿದ್ದರೆ ಹೆಸರು ತಂದೆತಾಯಿಯ ಇಚ್ಛೆ ಎಂದು ಆ ನ್ಯಾಯಾಲಯ 2008ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು.

ನೀವು ಕೇಳದ ಒಂದು ಮಾತನ್ನು ನಾನಾಗಿಯೇ ಎತ್ತುತ್ತೇನೆ. ಈ ಹೆಸರು ಏಕೆ ಬೇಕು ಎಂಬುದನ್ನು ಗಂಡ ಹೆಂಡತಿ ಕುಳಿತು ಪ್ರಾಮಾಣಿಕವಾಗಿ ಮಾತಾಡಿಕೊಳ್ಳಿ. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ‘ಬೇಡವಾದವಳು’ ಎಂಬ ಅರ್ಥದ ‘ನಕುಶಾ’ ಎಂಬ ಹೆಸರನ್ನು ಹೊತ್ತಿದ್ದ 285 ಹೆಣ್ಣುಮಕ್ಕಳಿಗೆ 2011ರಲ್ಲಿ ಹೊಸ ಹೆಸರಿಡಲಾಯಿತು. ಮುಂದಿನದಾದರೂ ಗಂಡಾಗಲಿ ಎಂದು ಇಟ್ಟ ಹೆಸರುಗಳವು. ಗಂಡಿನ ಹೆಸರನ್ನು ಹೆಣ್ಣಿಗೆ ಇಡುವುದರಲ್ಲೂ ಕೆಲವೊಮ್ಮೆ ಅದೇ ನೋವು ಮರೆಯಲ್ಲಿ ಕುಳಿತಿರುತ್ತದೆ. ನಾನು ಮನೆಗೆ ಮೂರನೆಯ ಹೆಣ್ಣು. ಹುಟ್ಟುವ ಮೊದಲೇ ನನ್ನ ತಂದೆ ಮಗನಿಗೆಂದು ಈ ಹೆಸರನ್ನು ಆರಿಸಿಟ್ಟಿದ್ದರು ಎಂಬುದು ನನಗೆ ಹದಿಮೂರನೆಯ ವಯಸ್ಸಿನಲ್ಲಿ ಚಿಕ್ಕಮ್ಮನ ಬಾಯಿಂದ ಗೊತ್ತಾಯಿತು. ಕೆಲವು ತಿಂಗಳು ಆ ಹೆಸರು ಬೇರೆ ಯಾರದೋ ಅಂಗಿಯನ್ನು ತೊಟ್ಟಂತೆ ಕಾಡಿತು. ಕೊನೆಗೆ ತಂದೆಯನ್ನೇ ನೇರವಾಗಿ ಕೇಳಿದೆ. ಅವರು ಸುಳ್ಳು ಹೇಳಲಿಲ್ಲ. ‘ಹೌದು, ಹೆಸರು ಮೊದಲೇ ಇತ್ತು. ನೀನು ಬಂದ ಮೇಲೆ ಬದಲಾಯಿಸಬೇಕು ಅನ್ನಿಸಲಿಲ್ಲ,’ ಎಂದರು. ಅಷ್ಟು ಸಾಕಾಯಿತು. ನಿಮ್ಮ ಮಗಳೂ ಒಂದು ದಿನ ಕೇಳುತ್ತಾಳೆ. ಆಗ ಹೇಳಲು ನಿಮ್ಮಲ್ಲಿ ಉತ್ತರವಿರಲಿ.

ಅವಸರವೇನೂ ಬೇಡ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಹೆಸರಿಲ್ಲದೆಯೂ ಜನನವನ್ನು ನೋಂದಾಯಿಸಬಹುದು. ಹನ್ನೆರಡು ತಿಂಗಳೊಳಗೆ ಹೆಸರು ಸೇರಿಸಿದರೆ ವಿಳಂಬ ಶುಲ್ಕವಿಲ್ಲ, ಅಲ್ಲಿಂದ 15 ವರ್ಷದವರೆಗೆ ಶುಲ್ಕ ಕಟ್ಟಿ ಸೇರಿಸಬಹುದು. ಅಷ್ಟರೊಳಗೆ ಅತ್ತೆಯವರು ತಮ್ಮ ಇಷ್ಟದ ಬಾಲವನ್ನು ಸೇರಿಸಿ, ಕಿರಣಮ್ಮ ಎಂದೋ ಕಿರಣಕ್ಕ ಎಂದೋ ಮಗುವನ್ನು ಕರೆದು ನೋಡಲಿ. ದಾಖಲೆಗೆ ಕಿರಣಶ್ರೀ ಎಂದೋ ಕಿರಣಮಾಲಾ ಎಂದೋ ಬರೆಸಿ ಮನೆಯಲ್ಲಿ ಕಿರಣ ಎನ್ನುವುದೂ ಒಂದು ದಾರಿ. ನಾನಾಗಿದ್ದರೆ ಬರಿಯ ಕಿರಣ ಎಂದೇ ಬರೆಸುತ್ತಿದ್ದೆ. ಯಾವುದೇ ಆಗಲಿ, ಜನನ ಪ್ರಮಾಣಪತ್ರ ಕೈಗೆ ಬಂದೊಡನೆ ಕೌಂಟರ್ ಬಿಟ್ಟು ಕದಲುವ ಮೊದಲು ‘ಲಿಂಗ’ ಎಂಬ ಕಾಲಂ ಓದಿ, ಶಾಲೆಗೆ ಸೇರಿಸುವಾಗ ದಾಖಲಾತಿ ಪುಸ್ತಕದಲ್ಲೂ ಅದೇ ಕಾಲಂ ಓದಿ. ನನ್ನ ತಂದೆ ಓದದೇ ಬಿಟ್ಟದ್ದು ಅದೊಂದನ್ನೇ.