ಸ್ಪೇಸರ್ ನಟ್ ಸಡಿಲಾಗುವುದು ಎಲ್ಲಿಂದ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನದು ಮಾರುತಿ ಜಿಮ್ನಿ. ನಾಲ್ಕೂ ಚಕ್ರಕ್ಕೆ 30 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಸ್ಪೇಸರ್ (ಚಕ್ರಕ್ಕೂ ಅದು ಕೂರುವ ಹಬ್‌ಗೂ ನಡುವೆ ಇಡುವ ಬಿಲ್ಲೆ) ಹಾಕಿಸಿದ್ದೇನೆ. ತಾಮ್ಹಿಣಿ ಘಾಟಿನ ಕಡೆ ಎರಡು ಸಲ ಹೋಗಿಬಂದ ಮೇಲೆ ಹಿಂದಿನ ಎಡ ಚಕ್ರದಿಂದ ಟಕ್ ಟಕ್ ಸದ್ದು ಶುರುವಾಯಿತು. ಹೊರಗಿನ ನಟ್‌ಗಳು ಬಿಗಿಯಾಗಿಯೇ ಇದ್ದವು. ಚಕ್ರ ಬಿಚ್ಚಿ ನೋಡಿದರೆ ಸ್ಪೇಸರನ್ನು ಹಬ್‌ಗೆ ಹಿಡಿದಿಡುವ ಒಳಗಿನ ಐದು ನಟ್‌ಗಳಲ್ಲಿ ಮೂರು ಕೈಯಲ್ಲೇ ತಿರುಗಿದವು. ಮತ್ತೆ ಬಿಗಿ ಮಾಡಿ ಓಡಿಸಬಹುದೇ?
– ಓದುಗರು, ಪಿಂಪ್ರಿ, ಪುಣೆ

ಉತ್ತರ: ಸುಮ್ಮನೆ ಬಿಗಿ ಮಾಡಿ ಓಡಿಸಬೇಡಿ. ಮೊದಲು ಆ ಸ್ಪೇಸರನ್ನು ಪೂರ್ತಿ ಹೊರತೆಗೆದು ನೋಡಿ. ತೂತುಗಳು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ, ಅಥವಾ ಸುತ್ತ ಕಪ್ಪು ಲೋಹದ ಪುಡಿ ಅಂಟಿದ್ದರೆ ಅದು ಗುಜರಿಗೆ. ಆ ಚಕ್ರದ ಐದೂ ಸ್ಟಡ್ (ಹಬ್‌ನಿಂದ ಹೊರಚಾಚಿದ, ನಟ್ ಕೂರುವ ಬೋಲ್ಟ್) ಬದಲಾಯಿಸಿ. ಸಡಿಲ ನಟ್‌ನೊಂದಿಗೆ ಓಡಿದಾಗ ಚಕ್ರದ ಒಂದೊಂದು ಸುತ್ತಿಗೂ ಸ್ಟಡ್ ಒಮ್ಮೆ ಬಾಗಿ ನೆಟ್ಟಗಾಗುತ್ತದೆ. ಹೀಗೆ ದಣಿದ ಉಕ್ಕಿನಲ್ಲಿ ಹುಟ್ಟುವ ಬಿರುಕು ಕಣ್ಣಿಗೆ ಕಾಣುವುದಿಲ್ಲ. ಕೈಯಲ್ಲಿ ತಿರುಗದ ಆ ಎರಡು ಸ್ಟಡ್‌ಗಳೇ ಉಳಿದ ಮೂರರ ಭಾರವನ್ನೂ ಹೊತ್ತಿದ್ದವು, ಆದ್ದರಿಂದ ಅವನ್ನು ಉಳಿಸಿಕೊಳ್ಳುವ ಆಸೆ ಬೇಡ.

ಈಗ ಕಾರಣ. ಚಕ್ರವನ್ನು ಹಿಡಿದಿಡುವುದು ಸ್ಟಡ್‌ನ ದಪ್ಪವಲ್ಲ, ಅದರ ಎಳೆತ, ಅಂದರೆ ನಟ್ ಬಿಗಿ ಮಾಡಿದಾಗ ಸ್ಟಡ್ ತುಸು ಹಿಗ್ಗಿ ಅದುಮುವ ಬಲ. ಜಿಮ್ನಿಯ ಸ್ಟಡ್ 12 ಮಿ.ಮೀ., ಅದರ ಮರೆ (ಥ್ರೆಡ್) 1.25 ಮಿ.ಮೀ. ಅಂತರದ್ದು. ಚಕ್ರದ ನಟ್‌ಗೆ ಹೇಳಿರುವ ಟಾರ್ಕ್ (ತಿರುಗಿಸಿ ಬಿಗಿಯುವ ಬಲದ ಅಳತೆ) 100 ನ್ಯೂಟನ್ ಮೀಟರ್. ಒಣ ಮರೆಯ ಮೇಲೆ ಅಷ್ಟು ಬಿಗಿ ಮಾಡಿದರೆ ಒಂದೊಂದು ಸ್ಟಡ್ ಸುಮಾರು 4 ಟನ್ ಬಲದಿಂದ ಅದುಮುತ್ತದೆ, ಐದೂ ಸೇರಿ 20 ಟನ್. ಆ ಒತ್ತಡದಿಂದ ಹುಟ್ಟುವ ಘರ್ಷಣೆಯೇ ಹಬ್ ಮತ್ತು ಸ್ಪೇಸರ್ ಒಂದರ ಮೇಲೊಂದು ಜಾರದಂತೆ ನೋಡಿಕೊಳ್ಳುತ್ತದೆ. ಆದರೆ ಇಷ್ಟು ಬಲಕ್ಕೆ ಸ್ಟಡ್ ಉದ್ದವಾಗುವುದು ಎಷ್ಟು ಗೊತ್ತೇ? ಹೆಚ್ಚುಕಡಿಮೆ 0.05 ಮಿ.ಮೀ., ನೋಟ್‌ಬುಕ್ ಹಾಳೆಯ ಅರ್ಧ ದಪ್ಪ. ಹಬ್ ಮುಖದ ಮೇಲಿನ ತುಕ್ಕು, ಕೆಸರಿನ ಪದರ, ಸ್ಪೇಸರ್‌ಗೆ ಬಳಿದ ಬಣ್ಣ, ಇವುಗಳಲ್ಲಿ ಯಾವುದು ಅಷ್ಟು ನುಜ್ಜಾದರೂ ಎಳೆತವೆಲ್ಲ ಹೋಯಿತು. ಪೌಡರ್ ಕೋಟಿಂಗ್ ಒಂದೇ 0.06ರಿಂದ 0.1 ಮಿ.ಮೀ. ಇರುತ್ತದೆ. ನಟ್ ತಿರುಗದೆಯೇ ಜೋಡಣೆ ಸಡಿಲಾಗುವುದು ಹೀಗೆ. ತಿರುಗಿ ಬಿಚ್ಚಿಕೊಳ್ಳುವುದು ಆಮೇಲಿನ ಮಾತು.

ಆದ್ದರಿಂದ ಕೆಲಸ ಶುರುವಾಗಬೇಕಾದದ್ದು ವೈರ್ ಬ್ರಷ್‌ನಿಂದ. ಹಬ್ ಅಥವಾ ಬ್ರೇಕ್ ಡ್ರಮ್ ಮುಖವನ್ನು ಹೊಳೆಯುವವರೆಗೆ ಉಜ್ಜಿ. ಸ್ಟಡ್‌ನ ಬುಡದಲ್ಲಿ, ನಡುವಿನ ಉಂಗುರದ ಸುತ್ತ ಕೂತ ತುಕ್ಕನ್ನು ಎಮೆರಿ ಕಾಗದದಿಂದ ತೆಗೆಯಿರಿ. ಡ್ರಮ್ ಜಾರದಿರಲೆಂದು ಕೆಲವು ಗಾಡಿಗಳ ಸ್ಟಡ್‌ಗೆ ತೆಳು ತಗಡಿನ ಕ್ಲಿಪ್ ಇರುತ್ತದೆ, ಕಂಡರೆ ಕಿತ್ತುಹಾಕಿ. ಸ್ಪೇಸರ್‌ನ ಎರಡೂ ಮುಖದಲ್ಲಿ, ನಟ್ ಕೂರುವ ಗುಳಿಯಲ್ಲಿ ಬಣ್ಣ ಇರಕೂಡದು. ನಟ್ ಇಲ್ಲದೆ ಸ್ಪೇಸರ್ ಕೂರಿಸಿ ನೋಡಿ. ಅದು ಹಬ್‌ಗೆ ಚಪ್ಪಟೆಯಾಗಿ ಅಂಟಬೇಕು, ನಡುವಿನ ತೂತು ಹಬ್‌ನ ಉಂಗುರಕ್ಕೆ ಆಟವಿಲ್ಲದೆ ಕೂರಬೇಕು. ಇಲ್ಲಿ ಆಟವಿದ್ದರೆ ಸ್ಪೇಸರನ್ನು ಮಧ್ಯಕ್ಕೆ ತರುವ ಕೆಲಸವೂ ಸ್ಟಡ್‌ಗಳ ಮೇಲೇ ಬೀಳುತ್ತದೆ.

ನಟ್ ಕನಿಷ್ಠ 10 ಸುತ್ತು ಹಿಡಿಯಬೇಕು. 12 ಮಿ.ಮೀ. ಸ್ಟಡ್‌ಗೆ 12 ಮಿ.ಮೀ. ಹಿಡಿತ ಎಂಬ ಲೆಕ್ಕಕ್ಕೆ ಅದು ಸರಿಹೋಗುತ್ತದೆ. ಐದೂ ನಟ್ ಕೈಯಿಂದ ಕೂರಿಸಿ, ನಕ್ಷತ್ರದ ಗೆರೆಯಲ್ಲಿ ಒಂದು ಬಿಟ್ಟು ಒಂದರಂತೆ 30, 60, ಕೊನೆಗೆ 100 ನ್ಯೂಟನ್ ಮೀಟರ್‌ಗೆ ಬಿಗಿ ಮಾಡಿ. ಸ್ಪೇಸರ್ ತಯಾರಕರು ಒಳಗಿನ ನಟ್‌ಗೆ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಅನುಸರಿಸಿ. ಟಾರ್ಕ್ ರೆಂಚ್ ಎಳೆಯುವಾಗ ಹಬ್ ತಿರುಗುತ್ತದೆ. ಹಿಂದಿನ ಚಕ್ರಕ್ಕೆ ಹ್ಯಾಂಡ್‌ಬ್ರೇಕ್ ಸಾಕು, ಮುಂದಿನದಕ್ಕೆ ಒಬ್ಬರು ಒಳಗೆ ಕೂತು ಬ್ರೇಕ್ ಒತ್ತಿ ಹಿಡಿಯಬೇಕು.

ಚಕ್ರ ಹಾಕುವ ಮುನ್ನ ಸ್ಪೇಸರ್ ಮುಖದ ಮೇಲೆ ಉಕ್ಕಿನ ಸ್ಕೇಲ್ ಅಡ್ಡ ಇಡಿ. ಗಾಡಿಯ ಮೂಲ ಸ್ಟಡ್‌ನ ತುದಿಯಾಗಲಿ ಒಳಗಿನ ನಟ್ ಆಗಲಿ ಸ್ಕೇಲ್‌ಗೆ ತಾಗಬಾರದು. ತಾಗಿದರೆ ರಿಮ್ ಕೂರುವುದು ಸ್ಪೇಸರ್ ಮೇಲಲ್ಲ, ಆ ತುದಿಗಳ ಮೇಲೆ. ಎಷ್ಟೇ ಬಿಗಿ ಮಾಡಿದರೂ ಆ ಚಕ್ರ ನಿಲ್ಲದು. 

50 ಕಿ.ಮೀ. ಓಡಿದ ಮೇಲೆ ಚಕ್ರ ಬಿಚ್ಚಿ ಒಳಗಿನ ನಟ್‌ಗಳನ್ನು ಮತ್ತೆ ಅದೇ ಟಾರ್ಕ್‌ಗೆ ಪರೀಕ್ಷಿಸಿ. ಹೆಚ್ಚಿನವರು ಬಿಡುವುದು ಈ ಹೆಜ್ಜೆಯನ್ನೇ, ಹೊರಗಿನ ನಟ್ ಮುಟ್ಟಿ ನೋಡಿ ಸಮಾಧಾನಪಡುತ್ತಾರೆ. ನಿಮ್ಮ ಗಾಡಿಯಲ್ಲಿ ಆದದ್ದೂ ಅದೇ. 500 ಕಿ.ಮೀ.ಗೆ ಇನ್ನೊಮ್ಮೆ ನೋಡಿ, ಆಮೇಲೆ ಕಲ್ಲು ಕೆಸರಿನ ಪ್ರತಿ ಪ್ರವಾಸದ ನಂತರ.

ಪ್ರಶ್ನೆ: ಒಳಗಿನ ನಟ್‌ಗೆ ಲಾಕ್‌ಟೈಟ್ ಅಂಟು ಹಚ್ಚಿದರೆ ಮತ್ತೆ ಮತ್ತೆ ಬಿಚ್ಚಿ ನೋಡುವ ತಾಪತ್ರಯ ತಪ್ಪುತ್ತದಲ್ಲವೇ?
– ಓದುಗರು, ಡೊಂಬಿವಲಿ

ಉತ್ತರ: ತಪ್ಪುವುದಿಲ್ಲ. ಅಂಟು ನಟ್ ತಿರುಗದಂತೆ ತಡೆಯುತ್ತದೆ, ಹೋದ ಎಳೆತವನ್ನು ತಂದುಕೊಡುವುದಿಲ್ಲ. ಬಣ್ಣದ ಪದರ ನುಜ್ಜಾಗಿ ಜೋಡಣೆ ಸಡಿಲಾದರೆ ನಟ್ ಇದ್ದಲ್ಲೇ ಇರುತ್ತದೆ, ಸ್ಟಡ್ ಮುರಿಯುತ್ತದೆ. ಮುಖಗಳೆಲ್ಲ ಸ್ವಚ್ಛವಾಗಿದ್ದ ಮೇಲೆ ಹೆಚ್ಚುವರಿ ಭದ್ರತೆಗೆಂದು ನೀಲಿ ಬಣ್ಣದ ಮಧ್ಯಮ ಶಕ್ತಿಯದನ್ನು ಒಳಗಿನ ನಟ್‌ಗೆ ಒಂದೆರಡು ಹನಿ ಹಾಕಬಹುದು. ಮರೆಯಲ್ಲಿ ಎಣ್ಣೆ, ಗ್ರೀಸ್ ಇರಬಾರದು, 24 ಗಂಟೆ ಒಣಗಲು ಬಿಡಬೇಕು. ಕೆಂಪಿನದು ಬೇಡ, ಬಿಚ್ಚಲು ಬೆಂಕಿ ಹಿಡಿಯಬೇಕಾಗುತ್ತದೆ, ಪಕ್ಕದಲ್ಲೇ ಬೇರಿಂಗ್ ಮತ್ತು ಸೀಲ್ ಇವೆ. ಮರುಪರೀಕ್ಷೆಯಲ್ಲಿ ನಟ್ ಅಲುಗದೆ ರೆಂಚ್ ಟಕ್ ಎಂದರೆ ಸರಿ. ಸ್ವಲ್ಪ ತಿರುಗಿತೆಂದರೆ ಅಂಟಿನ ಹಿಡಿತ ಒಡೆಯಿತು ಎಂದರ್ಥ. ಬಿಚ್ಚಿ, ಹಳೆಯ ಅಂಟು ಉಜ್ಜಿ, ಹೊಸದಾಗಿ ಹಚ್ಚಿ.

ಪ್ರಶ್ನೆ: ಸ್ಪೇಸರ್ ಹಬ್‌ಗೆ ಕಚ್ಚಿಕೊಂಡಿತ್ತು, ಸುತ್ತಿಗೆಯಲ್ಲಿ ಹೊಡೆದು ತೆಗೆಯಬೇಕಾಯಿತು. ಒಳಗೆಲ್ಲ ಬಿಳಿ ಪುಡಿ. ಮುಂದಿನ ಸಲ ಗ್ರೀಸ್ ಹಚ್ಚಿ ಕೂರಿಸಲೇ?
– ಓದುಗರು, ವಾಸ್ಕೊ, ಗೋವಾ

ಉತ್ತರ: ಉಪ್ಪುಗಾಳಿಯಲ್ಲಿ ಅಲ್ಯೂಮಿನಿಯಂ ಮತ್ತು ಉಕ್ಕು ಒಂದಕ್ಕೊಂದು ತಾಗಿಕೊಂಡಿದ್ದರೆ ಅಲ್ಯೂಮಿನಿಯಂ ಸವೆಯುತ್ತದೆ. ಆ ಬಿಳಿ ಪುಡಿ ಅದರದ್ದೇ. ಲೋಹಗಳು ಕಚ್ಚಿಕೊಳ್ಳದಂತೆ ತಡೆಯುವ ಆಂಟಿ-ಸೀಜ್ ಪೇಸ್ಟನ್ನು ಹಬ್‌ನ ನಡುವಿನ ಉಂಗುರಕ್ಕೆ ಮಾತ್ರ, ಬೆರಳಲ್ಲಿ ಸವರಿದಷ್ಟು ತೆಳುವಾಗಿ ಹಚ್ಚಿ. ಚಪ್ಪಟೆ ಮುಖಕ್ಕೆ ತಾಗಿದರೆ ಘರ್ಷಣೆ ಕಡಿಮೆಯಾಗುತ್ತದೆ. ಮರೆಗೆ ತಾಗಿದರೆ ಅದೇ 100 ನ್ಯೂಟನ್ ಮೀಟರ್‌ಗೆ ಎಳೆತ ಮೂರನೇ ಒಂದರಷ್ಟು ಏರಿ ಸ್ಟಡ್ ಅಗತ್ಯಕ್ಕಿಂತ ಹೆಚ್ಚು ಎಳೆಯಲ್ಪಡುತ್ತದೆ. ಮಳೆಗಾಲದಲ್ಲಿ ಚೋರ್ಲಾ, ಅಂಬೋಲಿ ಕಡೆಯ ಜಂಬಿಟ್ಟಿಗೆ ಮಣ್ಣಿನಲ್ಲಿ ಓಡಿಸಿ ಬಂದರೆ ಹಬ್ ಸುತ್ತ ಸಿಹಿನೀರು ಬಿಟ್ಟು ತೊಳೆಯಿರಿ. ಕಡಲತೀರದ ಮರಳಿಗಂತೂ ಗಾಡಿ ಇಳಿಸಲೇಬೇಡಿ. ಗೋವಾದಲ್ಲಿ ಅದು ನಿಷಿದ್ಧ, ಉಪ್ಪಿನ ಹಾನಿಯೂ ಹೆಚ್ಚು.

ಪ್ರಶ್ನೆ: ಪಂಕ್ಚರ್ ಅಂಗಡಿಯಲ್ಲಿ ಏರ್ ಗನ್ನಿನಿಂದಲೇ ಬಿಗಿ ಮಾಡುತ್ತಾರೆ. ಸಾಲದೇ?
– ಓದುಗರು, ಮುಲುಂಡ್, ಮುಂಬೈ

ಉತ್ತರ: ಗನ್ ಎಷ್ಟು ಬಿಗಿ ಮಾಡಿತೆಂದು ಅದಕ್ಕೂ ಗೊತ್ತಿಲ್ಲ, ಹಿಡಿದವರಿಗೂ ಗೊತ್ತಿಲ್ಲ. ಒಂದು ನಟ್ 60ಕ್ಕೆ ನಿಂತರೆ ಪಕ್ಕದ್ದು 200 ದಾಟಿರುತ್ತದೆ. ಬಿಚ್ಚಲು ಗನ್ ಬಳಸಲಿ, ಕೂರಿಸುವಾಗ ಕೈಪಾನಾ ಹಿಡಿಯಲು ಹೇಳಿ. ಟೈರ್ ನೆಲಕ್ಕೆ ತಾಗುವಷ್ಟು ಜ್ಯಾಕ್ ಇಳಿಸಿದ ಮೇಲೆ ಕೊನೆಯ ಬಿಗಿತವನ್ನು ನಿಮ್ಮದೇ ಟಾರ್ಕ್ ರೆಂಚ್‌ನಲ್ಲಿ ಕೊಡಿ. ಹೊರಗಿನ ನಟ್‌ನಿಂದ ರಿಮ್‌ಗೆ ಪೇಂಟ್ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದಿಡಿ. ನಟ್ ತಿರುಗಿದ್ದರೆ ಗೆರೆ ತುಂಡಾಗಿ ಕಾಣುತ್ತದೆ.